ಬಾಯ್ಲರ್ ರಿಪೇರಿಯವನನ್ನು ಕಾಯುತ್ತಾ, ರೇಡಿಯೋ ಫೋರ್ ಜೊತೆ ಒಂದು ದಿನ

ಇದು 2024ರ ನವೆಂಬರ್ ತಿಂಗಳ ಮಾತು. ಬಾಯ್ಲರ್ ಕೆಟ್ಟು ಮೂರು ದಿನ ಆಗಿತ್ತು. ಇಂಗ್ಲೆಂಡಿನ ಚಳಿಗಾಲದಲ್ಲಿ ಬಾಯ್ಲರ್ ಇಲ್ಲ ಅಂದರೆ ಸ್ನಾನಕ್ಕೆ ಬಿಸಿನೀರಿಲ್ಲ, ಕೋಣೆಗಳಿಗೆ ಬಿಸಿ ಇಲ್ಲ, ಮನೆಯೊಳಗೇ ಸ್ವೆಟರ್ ಮೇಲೆ ಸ್ವೆಟರ್. ರಿಪೇರಿ ಕಂಪನಿಗೆ ಫೋನ್ ಮಾಡಿದರೆ "ಗುರುವಾರ ಬೆಳಿಗ್ಗೆ ಎಂಟರಿಂದ ಸಂಜೆ ಆರರ ಒಳಗೆ ಬರ್ತಾರೆ" ಅಂದರು. ಎಂಟರಿಂದ ಆರು! ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಲೈನ್‌ಮನ್ ಕೂಡ ಇದಕ್ಕಿಂತ ಕರೆಕ್ಟಾಗಿ ಹೇಳುತ್ತಿದ್ದ. ಗಂಡ ಆಫೀಸಿಗೆ, ಮಗ ಸ್ಕೂಲಿಗೆ. ನಾನು ರಜೆ ಹಾಕಿ ಅಡುಗೆಮನೆಯಲ್ಲಿ ಕೂತೆ. ಯಾಕೆ ಅಡುಗೆಮನೆ ಅಂದರೆ, ಒಲೆ ಹಚ್ಚಿದರೆ ಬೆಚ್ಚಗಿರೋದು ಅದೊಂದೇ. ಜೊತೆಗೆ ರೇಡಿಯೋ.

ಊರಲ್ಲಿರುವವರಿಗೆ ರೇಡಿಯೋ ಅಂದರೆ ಈಗ ಹಾಡು, ಮಧ್ಯೆ ಕಿರುಚೋ ಜಾಹೀರಾತು, ಅದಕ್ಕಿಂತ ಜೋರಾಗಿ ಕಿರುಚೋ ನಿರೂಪಕರು ಅಲ್ವಾ. ಬಿಬಿಸಿಯ ರೇಡಿಯೋ ಫೋರ್ ಅದಕ್ಕೆ ಪೂರಾ ಉಲ್ಟಾ. ಬರೀ ಮಾತು. ಬೆಳಗಿನ ಜಾವದಿಂದ ರಾತ್ರಿ ಒಂದರವರೆಗೆ ಮಾತು, ಮಾತು, ಮಾತು. ಸುದ್ದಿ, ನಾಟಕ, ಹಾಸ್ಯ, ವಿಜ್ಞಾನ, ಕೃಷಿ, ತೋಟಗಾರಿಕೆ, ಪುಸ್ತಕ ಓದು. ಜಾಹೀರಾತಿಲ್ಲ. ಮೊದಲು 'ಹೋಮ್ ಸರ್ವಿಸ್' ಅಂತ ಇದ್ದದ್ದಕ್ಕೆ 1967ರ ಸೆಪ್ಟೆಂಬರ್ 30ರಂದು ಈ ಹೆಸರು ಬಂತು. ಟಿವಿ ಲೈಸೆನ್ಸಿನ ದುಡ್ಡಿನಲ್ಲಿ ನಡೆಯುತ್ತದೆ, ಆದರೆ ಬರೀ ರೇಡಿಯೋ ಕೇಳೋರು 1971ರಿಂದ ಏನೂ ಕಟ್ಟಬೇಕಾಗಿಲ್ಲ. ಅಪ್ಪಯ್ಯನ ಟ್ರಂಕಿನಲ್ಲಿ ಅಂಚೆ ಕಚೇರಿಯ ಸೀಲು ಬಿದ್ದ ರೇಡಿಯೋ ಲೈಸೆನ್ಸ್ ಪುಸ್ತಕ ಇನ್ನೂ ಇದೆ. ರೇಡಿಯೋ ಹೋಗಿ ಮೂವತ್ತು ವರ್ಷ ಆಯ್ತು, ಪುಸ್ತಕ ಮಾತ್ರ ಭದ್ರ.

ಆ ದಿನ ಚಳಿಗೆ ಐದೂವರೆಗೇ ಎಚ್ಚರ ಆಯ್ತು. ಹಾಗಾಗಿ ಸಾಮಾನ್ಯವಾಗಿ ತಪ್ಪಿಸಿಕೊಳ್ಳೋ 'ಫಾರ್ಮಿಂಗ್ ಟುಡೇ' ಸಿಕ್ಕಿತು. ಕುರಿ, ಹಾಲಿನ ರೇಟು, ಗೊಬ್ಬರ, ಮಳೆ. ಆ ವಾರ ಅವರ ಹತ್ತಿರ ಬಿಸಿಬಿಸಿ ಸುದ್ದಿಯೇ ಇತ್ತು. ಹತ್ತು ಲಕ್ಷ ಪೌಂಡ್ ಮೀರಿದ ಜಮೀನಿಗೆ ಪಿತ್ರಾರ್ಜಿತ ತೆರಿಗೆ ಹಾಕುತ್ತೇವೆ ಅಂತ ಸರ್ಕಾರ ಬಜೆಟ್ಟಿನಲ್ಲಿ ಹೇಳಿತ್ತು, ಅದನ್ನು ವಿರೋಧಿಸಿ ಮಂಗಳವಾರವಷ್ಟೇ ಸಾವಿರಾರು ರೈತರು ಲಂಡನ್ನಿನಲ್ಲಿ ಸೇರಿದ್ದರು. ಇನ್ನೊಂದು ಕಡೆ ಕುರಿ-ದನಗಳಿಗೆ ನೀಲಿ ನಾಲಿಗೆ ರೋಗದ ಹೆದರಿಕೆ. ನೀಲಿ ನಾಲಿಗೆ ಅಂದಕೂಡಲೇ ಕಿವಿ ನೆಟ್ಟಗಾಯ್ತು. ಇದು ನಮ್ಮ ಬಯಲುಸೀಮೆಯ ಕುರಿಗಾಹಿಗಳಿಗೆ ಹಳೇ ಶತ್ರು. ಇಲ್ಲಿನವರಿಗೆ ಹೊಸ ತಲೆನೋವು. ಚಿಕ್ಕವಳಿದ್ದಾಗ ಭದ್ರಾವತಿ ಆಕಾಶವಾಣಿಯ ಕೃಷಿರಂಗದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದು ಹೇಗೆ ಅಂತ ಎಷ್ಟು ಸಲ ಕೇಳಿದ್ದೇನೆ ಅಂದರೆ, ಈಗಲೂ ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲೆ: ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು.

ಆರಕ್ಕೆ 'ಟುಡೇ'. ಒಂಬತ್ತರವರೆಗೆ ಸುದ್ದಿ, ಸಂದರ್ಶನ. 1957ರಿಂದ ಬರುತ್ತಿದೆ. ದೇಶದ ರಾಜಕಾರಣಿಗಳು ಬೆಳಿಗ್ಗೆ ಎದ್ದು ಮುಖ ತೊಳೆಯೋ ಮೊದಲು ಹೆದರೋದು ಇದಕ್ಕೇ. ಎಂಟು ಹತ್ತರ ಸಂದರ್ಶನಕ್ಕೆ ಮಂತ್ರಿ ಬಂದು ಕೂತರೆ, ಕೇಳಿದ ಪ್ರಶ್ನೆಗೆ ಉತ್ತರ ಬರೋವರೆಗೂ ಬಿಡೋದಿಲ್ಲ. ಉತ್ತರ ಬರೋದೂ ಇಲ್ಲ, ಅದು ಬೇರೆ ಮಾತು. ನನಗೆ ಇಷ್ಟ ಅದರ ಮಧ್ಯೆ ಎಂಟಕ್ಕೆ ಇನ್ನೊಂದು ಕಾಲು ಗಂಟೆ ಇರುವಾಗ ಬರೋ 'ಥಾಟ್ ಫಾರ್ ದ ಡೇ'. ಪಾದ್ರಿಯೋ, ಯೆಹೂದಿಗಳ ರಬ್ಬಿಯೋ, ಮೌಲ್ವಿಯೋ, ಸಿಖ್ಖರೋ, ಹಿಂದೂ ಮೇಷ್ಟರೋ ಬಂದು ಮೂರು ನಿಮಿಷ ಮಾತಾಡಿ ಹೋಗುತ್ತಾರೆ. ನಮ್ಮ ಆಕಾಶವಾಣಿಯ 'ಚಿಂತನ' ಇದ್ದ ಹಾಗೆ. ಅದರ ಹಾಗೆಯೇ, ಹತ್ತರಲ್ಲಿ ಎರಡು ಚೆನ್ನಾಗಿರುತ್ತವೆ.

ಇಲ್ಲೊಂದು ಹುಚ್ಚು ಸಂಗತಿ ಹೇಳಲೇಬೇಕು. ಗಂಟೆ ಹೊಡೆಯೋ ಸಮಯಕ್ಕೆ ರೇಡಿಯೋ ಫೋರ್‌ನಲ್ಲಿ ಆರು ಪೀಪ್ ಬರುತ್ತವೆ. ಐದು ಚಿಕ್ಕವು, ಆರನೆಯದು ಉದ್ದ. ಆ ಉದ್ದದ ಪೀಪ್ ಶುರುವಾದ ಕ್ಷಣವೇ ಸರಿಯಾದ ಗಂಟೆ. 1924ರಲ್ಲಿ ಗ್ರೀನಿಚ್ ವೀಕ್ಷಣಾಲಯದಿಂದ ಶುರುವಾದ ಪದ್ಧತಿ, ನೂರು ವರ್ಷ ಆಯ್ತು. ನಮ್ಮ ಮನೆಯಲ್ಲಿ ಮೇಲೆ ಮಲಗೋ ಕೋಣೆಯಲ್ಲಿ ಹಳೇ ಎಫ್‌ಎಂ ರೇಡಿಯೋ, ಕೆಳಗೆ ಅಡುಗೆಮನೆಯಲ್ಲಿ ಡಿಜಿಟಲ್. ಡಿಜಿಟಲ್ ರೇಡಿಯೋ ಶಬ್ದವನ್ನು ಗಂಟು ಕಟ್ಟಿ, ಬಿಚ್ಚಿ, ಆಮೇಲೆ ಕೊಡೋದರಿಂದ ಒಂದೆರಡು ಸೆಕೆಂಡ್ ತಡ. ಎರಡೂ ಹಾಕಿಕೊಂಡು ಮೆಟ್ಟಿಲ ಮಧ್ಯೆ ನಿಂತರೆ ಪೀಪುಗಳು ಒಂದರ ಬಾಲ ಒಂದು ಹಿಡಿದು ಹನ್ನೆರಡು ಆಗುತ್ತವೆ. ಮೇಲಿನ ಮನೆಯಲ್ಲಿ ಎಂಟು ಗಂಟೆ ಆಗಿದೆ, ಕೆಳಗಿನ ಮನೆಯಲ್ಲಿ ಇನ್ನೂ ಆಗಿಲ್ಲ. ಮೊಬೈಲ್ ಆಪಿನಲ್ಲಿ ಕೇಳಿದರೆ ಇನ್ನೂ ತಡ. ಅಷ್ಟು ಕಷ್ಟಪಟ್ಟು ಸೆಕೆಂಡಿನ ಲೆಕ್ಕ ಇಟ್ಟು ಕಳಿಸಿದ ಸಮಯ, ನಮ್ಮ ಮನೆಗೆ ತಲುಪೋದು ಹಳೇ ಸಮಯವಾಗಿ. ಗಂಡನಿಗೆ ಇದನ್ನು ಹೇಳಿದರೆ "ಹ್ಮ್" ಅಂದ. ನಿಮಗಾದರೂ ಮಜಾ ಅನ್ನಿಸಿತಾ?

ಎಂಟು ಆಯ್ತು, ಒಂಬತ್ತು ಆಯ್ತು. ಬಾಯ್ಲರಿನವ ಬರಲಿಲ್ಲ.

ಗುರುವಾರ ಒಂಬತ್ತಕ್ಕೆ 'ಇನ್ ಅವರ್ ಟೈಮ್'. ಆಗ ಇನ್ನೂ ಮೆಲ್ವಿನ್ ಬ್ರ್ಯಾಗ್ ನಡೆಸುತ್ತಿದ್ದರು. 1998ರಲ್ಲಿ ಶುರು ಮಾಡಿದವರು, ಬಿಟ್ಟದ್ದು 2025ರಲ್ಲಿ. ಮೂವರು ಪ್ರೊಫೆಸರ್‌ಗಳನ್ನು ಕೂರಿಸಿಕೊಂಡು ಒಂದೇ ವಿಷಯದ ಬಗ್ಗೆ ಮುಕ್ಕಾಲು ಗಂಟೆ ಮಾತು. ವಿಷಯ ಏನು ಬೇಕಾದರೂ ಆಗಬಹುದು. ಸಮ್ರಾಟ ಅಶೋಕನ ಮೇಲೆ ಮಾಡಿದ್ದಾರೆ, ಭಗವದ್ಗೀತೆಯ ಮೇಲೆ ಮಾಡಿದ್ದಾರೆ, ಎಲೆ ಬಿಸಿಲು ಕುಡಿದು ಆಹಾರ ಮಾಡೋದರ ಮೇಲೆ, ಸಮುದ್ರದಲ್ಲಿ ತೇಲೋ ಪ್ಲವಕ ಅನ್ನೋ ಸಣ್ಣ ಸಣ್ಣ ಜೀವಿಗಳ ಮೇಲೆ. ಇಂಥವನ್ನು ನಾನಾಗಿ ಹುಡುಕಿ ಕೇಳುತ್ತಿದ್ದೆನಾ? ಖಂಡಿತ ಇಲ್ಲ. ಪ್ಲವಕ ಅಂತ ಯೂಟ್ಯೂಬಿನಲ್ಲಿ ಯಾರು ಹುಡುಕುತ್ತಾರೆ? ಪಾತ್ರೆ ತೊಳೆಯುತ್ತಾ ಕೈಯೆಲ್ಲ ಸೋಪು, ಬದಲಾಯಿಸೋಕೆ ಆಗಲ್ಲ, ಹಾಗಾಗಿ ಕೇಳಿದೆ. ಅರ್ಧ ಗಂಟೆ ಆದಮೇಲೆ ಪಾತ್ರೆ ಮುಗಿದಿತ್ತು, ನಲ್ಲಿ ನಿಲ್ಲಿಸಿದ್ದೆ, ಆದರೂ ಸಿಂಕ್ ಮುಂದೆಯೇ ನಿಂತಿದ್ದೆ.

ಬ್ರ್ಯಾಗ್ ಅವರ ಸ್ಟೈಲೇ ಬೇರೆ. ಪ್ರೊಫೆಸರ್ ಸ್ವಲ್ಪ ಅಡ್ಡದಾರಿ ಹಿಡಿದರೆ ಮುಲಾಜಿಲ್ಲದೆ ಕತ್ತರಿಸುತ್ತಿದ್ದರು. ನಮ್ಮಲ್ಲಿ ಉಪನ್ಯಾಸ ಅಂದರೆ ಮೊದಲ ಹತ್ತು ನಿಮಿಷ ವೇದಿಕೆ ಮೇಲಿನವರ ಹೆಸರು ಹೇಳೋದರಲ್ಲೇ ಹೋಗುತ್ತದೆ. ಇವರು "ಹಲೋ" ಅಂದವರೇ ವಿಷಯಕ್ಕೆ. ಪಾಡ್‌ಕಾಸ್ಟ್ ರೂಪದಲ್ಲಿ ಕೇಳಿದರೆ ಕೊನೆಗೆ ಒಂದು ಬೋನಸ್ ಇರುತ್ತಿತ್ತು. ಕಾರ್ಯಕ್ರಮ ಮುಗಿದ ಮೇಲೂ ಮೈಕ್ ಆನ್ ಇರುತ್ತದೆ, ಏನು ಬಿಟ್ಟುಹೋಯ್ತು ಅಂತ ಮೂವರೂ ಹೇಳಿಕೊಳ್ಳುತ್ತಾರೆ, ಅಷ್ಟರಲ್ಲಿ ನಿರ್ಮಾಪಕರು ಬಂದು ಟೀನಾ ಕಾಫಿನಾ ಅಂತ ಕೇಳುತ್ತಾರೆ. ಅಷ್ಟು ದೊಡ್ಡ ಪಂಡಿತರು "ಟೀ, ಹಾಲು ಹಾಕಿ" ಅನ್ನೋದನ್ನು ಕೇಳೋಕೆ ನನಗೇನೋ ಖುಷಿ.

ಹತ್ತಕ್ಕೆ 'ವುಮನ್ಸ್ ಅವರ್'. 1946ರಲ್ಲಿ ಹೆಂಗಸರಿಗೇ ಅಂತ ಶುರುವಾದ ಕಾರ್ಯಕ್ರಮ. ಅದರ ಮೊದಲ ನಿರೂಪಕ ಗಂಡಸು! ಸರಿಯಾಗಿ ಆಗಲೇ ಊರಿಂದ ಅಮ್ಮನ ಫೋನು. ಅಲ್ಲಿ ಮೂರೂವರೆ, ಕಾಫಿ ಹೊತ್ತು.

"ಯಾರೇ ಅದು ಹಿಂದೆ ಮಾತಾಡೋದು? ಯಾರಾದ್ರೂ ಬಂದಿದಾರಾ?"

"ಯಾರೂ ಇಲ್ಲ ಅಮ್ಮ, ರೇಡಿಯೋ."

"ಅಲ್ಲೂ ಆಕಾಶವಾಣಿ ಇದ್ಯಾ?"

ಇದಕ್ಕೆ ನಗು ಬಂತು, ಆದರೆ ನಗೋ ವಿಷಯ ಅಲ್ಲ. ನಮ್ಮಲ್ಲಿ ಆಕಾಶವಾಣಿ ಅನ್ನೋದು ರೇಡಿಯೋಗೇ ಹೆಸರು. ಆ ಹೆಸರು ದಿಲ್ಲಿಯಿಂದ ಬಂದದ್ದೂ ಅಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಬಾನುಲಿ ಕೇಂದ್ರ ಶುರು ಮಾಡಿದಾಗ ಅದಕ್ಕೆ ಇಟ್ಟ ಹೆಸರು ಅದು. ಅದೇ ವರ್ಷ ಬಿಬಿಸಿಯಿಂದ ಲಯೊನೆಲ್ ಫೀಲ್ಡನ್ ಅನ್ನೋರು ದಿಲ್ಲಿಗೆ ಬಂದು ಇಡೀ ದೇಶದ ರೇಡಿಯೋ ಕಟ್ಟೋ ಕೆಲಸಕ್ಕೆ ಕೂತರು. ಮುಂದೆ ಆಲ್ ಇಂಡಿಯಾ ರೇಡಿಯೋ ತಾನೇ ಮೈಸೂರಿನ ಹೆಸರನ್ನು ಇಟ್ಟುಕೊಂಡಿತು. ಅಂದಮೇಲೆ ಅಮ್ಮ ಬಿಬಿಸಿಯನ್ನು ಆಕಾಶವಾಣಿ ಅಂದರೆ ತಪ್ಪೇನೂ ಇಲ್ಲ.

"ಎಂತ ಹೇಳ್ತಿದಾರೆ?" ಅಂದಳು.

"ಹೆಂಗಸರ ಕಾರ್ಯಕ್ರಮ ಅಮ್ಮ. ಮುಟ್ಟು ನಿಲ್ಲೋ ವಯಸ್ಸಿನಲ್ಲಿ ಏನೇನಾಗುತ್ತೆ, ಡಾಕ್ಟರ ಹತ್ರ ಏನು ಕೇಳಬೇಕು ಅಂತ."

ಎರಡು ಸೆಕೆಂಡ್ ಸದ್ದಿಲ್ಲ. ಆಮೇಲೆ ಪಿಸುಮಾತು: "ರೇಡಿಯೋದಲ್ಲಾ?"

"ಹೂಂ."

"ಸ್ವಲ್ಪ ಸಣ್ಣ ಮಾಡೇ ಮಾರಾಯ್ತಿ. ಸ್ಪೀಕರ್ ಹಾಕಿದೀನಿ, ಅಪ್ಪಯ್ಯ ಇಲ್ಲೇ ಕಾಫಿ ಕುಡೀತಿದಾರೆ." ಫೋನ್ ಇಡೋ ಮೊದಲು ಇನ್ನೂ ಸಣ್ಣ ದನಿಯಲ್ಲಿ, "ಎಂತ ಹೇಳಿದ್ರು ಅಂತ ಆಮೇಲೆ ಹೇಳು."

ಮಧ್ಯಾಹ್ನದ್ದು ಬೇಗ ಹೇಳಿ ಮುಗಿಸುತ್ತೇನೆ. ಹನ್ನೆರಡರ ಮೇಲೆ 'ಸ್ಲೈಸ್ಡ್ ಬ್ರೆಡ್' ಅಂತ ಒಂದು ಬರುತ್ತದೆ. ಅಂಗಡಿಯಲ್ಲಿ ಜಾಸ್ತಿ ದುಡ್ಡು ಕಿತ್ತುಕೊಳ್ಳೋ ಹೊಸ ಹೊಸ ಸಾಮಾನು ನಿಜವಾಗಲೂ ಹೇಳಿದಷ್ಟು ಕೆಲಸ ಮಾಡುತ್ತಾ ಅಂತ ತಜ್ಞರನ್ನು ಕೇಳಿ ನೋಡೋದು. ಅದನ್ನು ಕೇಳಿ ಕೇಳಿ ನಾನು ಉಳಿಸಿದ ದುಡ್ಡಿನಲ್ಲಿ ಒಂದು ಬಾಯ್ಲರ್ ಬರುತ್ತಿತ್ತು. ಒಂದಕ್ಕೆ ಸುದ್ದಿ. ಎರಡೂ ಕಾಲಿಗೆ ನಾಟಕ. ರೇಡಿಯೋ ಫೋರ್‌ನ ಮಧ್ಯಾಹ್ನದ ನಾಟಕಗಳ ಬಗ್ಗೆ ನನ್ನದೊಂದು ದೂರಿದೆ. ಹತ್ತರಲ್ಲಿ ಆರರಲ್ಲಿ ಕಡಲಹಕ್ಕಿ ಕೂಗುತ್ತದೆ, ಯಾರೋ ಬಹಳ ವರ್ಷದ ಮೇಲೆ ಸಮುದ್ರದ ಪಕ್ಕದ ಅಮ್ಮನ ಮನೆಗೆ ವಾಪಸ್ ಬರುತ್ತಾರೆ, ಕೆಟಲ್ ಇಡೋ ಸದ್ದು, ಹಳೇ ಗುಟ್ಟು. ಅವತ್ತು ಹಕ್ಕಿ ಕೂಗೋದರೊಳಗೆ ನಾನೇ ಮೇಜಿನ ಮೇಲೆ ತಲೆ ಇಟ್ಟು ನಿದ್ದೆ ಹೋದೆ. ಮಗ ಸ್ಕೂಲಿಂದ ಬಂದು ಎಬ್ಬಿಸಿದ.

ಹಾಸ್ಯದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಸಂಜೆ ಆರೂವರೆಯದು ಹಾಸ್ಯದ ಅರ್ಧ ಗಂಟೆ. ಅದರಲ್ಲಿ 'ಜಸ್ಟ್ ಎ ಮಿನಿಟ್' ಅನ್ನೋ ಆಟ 1967ರಿಂದ ಇದೆ, ನಿಕೋಲಸ್ ಪಾರ್ಸನ್ಸ್ ಐವತ್ತು ವರ್ಷಕ್ಕೂ ಜಾಸ್ತಿ ಅದನ್ನು ನಡೆಸಿದರು. ಕೊಟ್ಟ ವಿಷಯದ ಬಗ್ಗೆ ಅರವತ್ತು ಸೆಕೆಂಡ್ ಮಾತಾಡಬೇಕು. ತಡವರಿಸೋ ಹಾಗಿಲ್ಲ, ಹೇಳಿದ ಪದ ಮತ್ತೆ ಹೇಳೋ ಹಾಗಿಲ್ಲ, ವಿಷಯ ಬಿಟ್ಟು ಹೋಗೋ ಹಾಗಿಲ್ಲ. ಸುಲಭ ಅನ್ನಿಸುತ್ತೆ ಅಲ್ವಾ? ನಮ್ಮ ಕನ್ನಡದ ಗುಂಪಿನ ಯುಗಾದಿ ಊಟದ ದಿನ ಇದನ್ನೇ ಕನ್ನಡದಲ್ಲಿ ಆಡಿಸಿದೆವು, ಇಂಗ್ಲಿಷ್ ಪದ ಬಂದರೂ ಔಟ್ ಅಂತ ಇನ್ನೊಂದು ನಿಯಮ ಸೇರಿಸಿ. ನನಗೆ ಬಂದ ವಿಷಯ ಅವರೆಕಾಳು. ಹದಿನೇಳು ಸೆಕೆಂಡಿಗೆ "ಅಂದ್ರೆ" ಎರಡನೇ ಸಲ ಬಂತು, ಕೂತೆ. ಗೆದ್ದದ್ದು ಹನ್ನೊಂದು ವರ್ಷದ ಹುಡುಗಿ. ಅವಳಿಗೆ ಕನ್ನಡ ಕಮ್ಮಿ ಬರುತ್ತಿತ್ತು, ಹಾಗಾಗಿ ನಿಧಾನಕ್ಕೆ ಒಂದೊಂದೇ ಪದ ಆರಿಸಿ ಮಾತಾಡಿದಳು.

ಸಂಜೆ ಆರು ಗಂಟೆಗೆ ಪೀಪ್ ಬರೋದಿಲ್ಲ, ಲಂಡನ್ನಿನ ಪಾರ್ಲಿಮೆಂಟಿನ ಗೋಪುರದ ಬಿಗ್ ಬೆನ್ ಗಂಟೆ ಬರುತ್ತದೆ. ರೆಕಾರ್ಡ್ ಮಾಡಿದ್ದಲ್ಲ, ಗೋಪುರದಲ್ಲಿ ಮೈಕ್ ಇಟ್ಟು ನೇರವಾಗಿ. 2017ರಲ್ಲಿ ಗೋಪುರದ ರಿಪೇರಿಗೆ ಅಂತ ಗಂಟೆ ನಿಲ್ಲಿಸಿದ ಮೇಲೆ, 2023ರಲ್ಲಿ ಮತ್ತೆ ನೇರವಾಗಿ ಶುರುವಾಗೋವರೆಗೆ ಮಾತ್ರ ಹಳೇ ರೆಕಾರ್ಡ್ ಹಾಕಿದ್ದರು. ಆರು ಸಲ ಹೊಡೆಯಿತು. ಎಂಟರಿಂದ ಆರರ ಒಳಗೆ ಅಂದಿದ್ದರಲ್ಲ, ಆ ಆರು ಇದು. ಯಾರೂ ಇಲ್ಲ.

ಆರೂ ನಲವತ್ತಕ್ಕೆ ಬೆಲ್ ಆಯ್ತು. ಬಂದವರಿಗೆ ಅರವತ್ತರ ಹತ್ತಿರ ವಯಸ್ಸು, ಬ್ಯಾಗು ಹಿಡಿದು, ಮುಖ ಬಾಡಿಸಿಕೊಂಡು. ನನಗಿಂತ ಮೊದಲು ಹತ್ತು ಮನೆ ಆಗಿತ್ತಂತೆ. ಬೈಯೋಕೆ ಅಂತ ಬೆಳಗಿನಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ವೇಸ್ಟ್. ಟೀ ಮಾಡಿಕೊಟ್ಟೆ. ಬಾಯ್ಲರ್ ಇರೋದು ಅಡುಗೆಮನೆಯ ಗೋಡೆಯಲ್ಲೇ. ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದು ನೋಡುತ್ತಿದ್ದರು. ಏಳೂ ಎರಡಕ್ಕೆ 'ದ ಆರ್ಚರ್ಸ್' ಧಾರಾವಾಹಿಯ ಟ್ಯೂನ್ ಶುರುವಾಯ್ತು. ಅವರಿಗೆ ತೊಂದರೆ ಆಗಬಾರದು ಅಂತ ರೇಡಿಯೋ ಆರಿಸೋಕೆ ಹೋದೆ. "ಇರಲಿ ಬಿಡಿ" ಅಂದರು.

ಆರ್ಚರ್ಸ್ ಬಗ್ಗೆ ಗೊತ್ತಿಲ್ಲದವರಿಗೆ: ಆಂಬ್ರಿಜ್ ಅನ್ನೋ ಕಲ್ಪಿತ ಹಳ್ಳಿ, ಅಲ್ಲಿನ ರೈತ ಮನೆತನಗಳು, ಹದಿಮೂರು ನಿಮಿಷದ ಕಂತು. 1950ರಲ್ಲಿ ಪ್ರಯೋಗಕ್ಕೆ ಅಂತ ಮಾಡಿ, 1951ರ ಜನವರಿ 1ರಿಂದ ಇಡೀ ದೇಶಕ್ಕೆ ಶುರುವಾದದ್ದು ಇನ್ನೂ ನಿಂತಿಲ್ಲ. ಯುದ್ಧ ಮುಗಿದರೂ ಆಗ ಊಟಕ್ಕೆ ರೇಷನ್ ಇತ್ತು. ರೈತರು ಹೊಸ ಪದ್ಧತಿ ಕಲಿತು ಹೆಚ್ಚು ಬೆಳೆಯಲಿ ಅನ್ನೋದು ಉದ್ದೇಶ, ಆದರೆ ಭಾಷಣ ಮಾಡಿದರೆ ಯಾರು ಕೇಳುತ್ತಾರೆ, ಕಥೆಯೊಳಗೆ ಗೊಬ್ಬರ ಸೇರಿಸಿ ಕೊಡೋಣ ಅಂತ. ನಮ್ಮ ಬೆಂಗಳೂರು ಆಕಾಶವಾಣಿಯಲ್ಲಿ ಎ.ಎಸ್. ಮೂರ್ತಿಯವರು 'ಈರಣ್ಣ' ಆಗಿ ಹಳ್ಳಿಯವರ ಮಾತಿನಲ್ಲೇ ನಗಿಸುತ್ತಾ ಬುದ್ಧಿ ಹೇಳುತ್ತಿದ್ದರಲ್ಲ, ಆ ಜಾಡಿನದು. ಅಪ್ಪಯ್ಯ ಈಗಲೂ ಜಾಸ್ತಿ ಮಾತಾಡೋರನ್ನು "ಆಕಾಶವಾಣಿ ಈರಣ್ಣ" ಅಂತಾರೆ.

ಬರ್ಮಿಂಗ್‌ಹ್ಯಾಮ್‌ನ ಸ್ಟುಡಿಯೋದಲ್ಲಿ ಇದರ ರೆಕಾರ್ಡಿಂಗ್. ಹೊಲದ ಗೇಟು ಕಿರ್ರ್ ಅನ್ನೋ ಸದ್ದಿಗೆ ಹಳೇ ಇಸ್ತ್ರಿ ಮೇಜು ಮಡಚುತ್ತಾರೆ, ಕುರಿ ಮರಿ ಹಾಕೋ ಸದ್ದಿಗೆ ಒದ್ದೆ ಟವಲ್ಲು ಮತ್ತು ಮೊಸರು. ಇದನ್ನು ಓದಿದ ಮೇಲೆ ನಾನು ಮನೆಯ ಇಸ್ತ್ರಿ ಮೇಜು ಮಡಚಿ ನೋಡಿದೆ. ನಿಜ, ಥೇಟ್ ಗೇಟು.

ಅವರು ಬಾಯ್ಲರಿನೊಳಗೆ ತಲೆ ಇಟ್ಟುಕೊಂಡೇ ಹೇಳಿದರು, ಇದು ನಮ್ಮಮ್ಮನ ಸೀರಿಯಲ್ ಅಂತ. ಚಿಕ್ಕವರಿದ್ದಾಗ ಈ ಟ್ಯೂನ್ ಬಂದರೆ ಮನೆಯಲ್ಲಿ ಯಾರೂ ಮಾತಾಡೋ ಹಾಗಿರಲಿಲ್ಲವಂತೆ. "ಪೆಗ್ಗಿ ತೀರಿಕೊಂಡರಲ್ಲ, ಗೊತ್ತಾಯ್ತಾ?" ಅಂದರು. ಪೆಗ್ಗಿ ಪಾತ್ರ ಮಾಡುತ್ತಿದ್ದ ಜೂನ್ ಸ್ಪೆನ್ಸರ್ ಅದೇ ತಿಂಗಳು 105ನೇ ವಯಸ್ಸಿನಲ್ಲಿ ತೀರಿಹೋಗಿದ್ದರು. 1950ರ ಪ್ರಯೋಗದ ಕಂತಿನಲ್ಲೇ ಇದ್ದವರು, ನಡುವೆ ಒಂದಷ್ಟು ವರ್ಷ ಬಿಟ್ಟರೂ ಮತ್ತೆ ಬಂದು, 2022ರಲ್ಲಿ ರಿಟೈರ್ ಆದಾಗ ವಯಸ್ಸು 103. ಇವರು ಹೇಳಿದ್ದು ನಟಿಯ ಹೆಸರಲ್ಲ, ಪಾತ್ರದ ಹೆಸರು. ಪಕ್ಕದ ಬೀದಿಯ ಅಜ್ಜಿ ಹೋದರು ಅನ್ನೋ ದನಿಯಲ್ಲಿ. ಆಮೇಲೆ ಇಬ್ಬರೂ ಸುಮ್ನೆ ಕೇಳಿದೆವು. ಮಧ್ಯೆ ಒಂದು ಸಲ ಸ್ಪ್ಯಾನರ್ ಕೆಳಗಿಟ್ಟು, ಯಾರು ಯಾರ ಮಗ, ಯಾವ ಫಾರ್ಮ್ ಯಾರದ್ದು ಅಂತ ನನಗೆ ಬಿಡಿಸಿ ಹೇಳಿದರು. ಈ ದೇಶಕ್ಕೆ ಬಂದು ಒಂಬತ್ತು ವರ್ಷದಲ್ಲಿ ಯಾರ ಮನೆಯ ಸಂಬಂಧಗಳನ್ನೂ ಯಾರೂ ನನಗೆ ಹೀಗೆ ಕೂತು ವಿವರಿಸಿರಲಿಲ್ಲ. ಟ್ಯೂನ್ ಮತ್ತೆ ಬಂತು, ಕಂತು ಮುಗೀತು. ಹದಿನೈದು ಪೌಂಡಿನ ಒಂದು ಸೆನ್ಸರ್ ಹೋಗಿತ್ತಂತೆ. ಹಾಕಿದರು. ಬಾಯ್ಲರ್ ಗುರ್ ಅಂತು.

ಬೆಚ್ಚಗಿನ ಮನೆಯಲ್ಲಿ ರಾತ್ರಿ ನಿದ್ದೆ ಬರಲಿಲ್ಲ, ಮಧ್ಯಾಹ್ನ ಮಲಗಿದ್ದರ ಫಲ. ಮೇಲಿನ ಎಫ್‌ಎಂ ಸಣ್ಣಗೆ ಹಾಕಿಕೊಂಡೆ. 12:48ಕ್ಕೆ ನನ್ನ ಅತಿ ಇಷ್ಟದ್ದು, 'ಶಿಪ್ಪಿಂಗ್ ಫೋರ್‌ಕಾಸ್ಟ್'. ಹಡಗಿನವರಿಗೆ ಹವಾಮಾನ. ಬ್ರಿಟನ್ ಸುತ್ತಲಿನ ಸಮುದ್ರವನ್ನು 31 ತುಂಡು ಮಾಡಿ ಒಂದೊಂದಕ್ಕೂ ಹೆಸರಿಟ್ಟು, ಅದೇ ಕ್ರಮದಲ್ಲಿ ಓದುತ್ತಾರೆ: ವೈಕಿಂಗ್, ನಾರ್ತ್ ಉಟ್ಸೀರ, ಸೌತ್ ಉಟ್ಸೀರ, ಫಾರ್ಟೀಸ್, ಕ್ರಾಮರ್ಟಿ, ಫೋರ್ತ್, ಟೈನ್, ಡಾಗರ್, ಫಿಷರ್, ಜರ್ಮನ್ ಬೈಟ್... ಅದರ ಹಿಂದೆ ಗಾಳಿ, ಮಳೆ, ಎಷ್ಟು ದೂರ ಕಾಣುತ್ತೆ. ಕ್ರಿಯಾಪದಗಳೇ ಇಲ್ಲ. ಒಂದು ಪದ ಹೆಚ್ಚಿಲ್ಲ, ಕಮ್ಮಿ ಇಲ್ಲ. ಬಿರುಗಾಳಿ "ಇಮಿನೆಂಟ್" ಅಂದರೆ ಆರು ಗಂಟೆಯೊಳಗೆ, "ಸೂನ್" ಅಂದರೆ ಆರರಿಂದ ಹನ್ನೆರಡು, "ಲೇಟರ್" ಅಂದರೆ ಅದಕ್ಕೂ ಆಚೆ. ಬೆಳಿಗ್ಗೆ ಎಂಟರಿಂದ ಆರರ ಒಳಗೆ ಅನ್ನೋ ಕಂಪನಿಯವರು ಒಂದು ವಾರ ಇದನ್ನು ಕೇಳಬೇಕು. ಫಿಟ್ಜ್‌ರಾಯ್ ಅನ್ನೋ ತುಂಡಿಗೆ 2002ರವರೆಗೆ ಫಿನಿಸ್ಟೆರ್ ಅಂತ ಹೆಸರಿತ್ತು. ಬದಲಾಯಿಸಿ, ಹವಾಮಾನ ಇಲಾಖೆ ಕಟ್ಟಿದ ಫಿಟ್ಜ್‌ರಾಯ್ ಹೆಸರಿಟ್ಟರು. ಡಾರ್ವಿನ್ ಹೋದ ಬೀಗಲ್ ಹಡಗಿನ ಕ್ಯಾಪ್ಟನ್ ಇವರೇ.

ನಾನು ಸಮುದ್ರ ಕಂಡದ್ದೇ ಮದುವೆಯಾದ ಮೇಲೆ, ಮಲ್ಪೆಯಲ್ಲಿ. ಹಡಗು ಹತ್ತಿಲ್ಲ. ಆದರೂ ಕತ್ತಲಲ್ಲಿ ಯಾರೋ ಎಲ್ಲೋ ಅಲೆಯ ಮೇಲೆ ಇದ್ದಾರೆ, ಅವರಿಗೆ ಒಬ್ಬರು ನಿಧಾನವಾಗಿ ಓದಿ ಹೇಳುತ್ತಿದ್ದಾರೆ ಅಂದರೆ ಹೊದಿಕೆ ಇನ್ನಷ್ಟು ಬೆಚ್ಚಗಾಗುತ್ತದೆ. ಅದು ಮುಗಿದು, ರಾಷ್ಟ್ರಗೀತೆ ಆಗಿ, ಒಂದು ಗಂಟೆಗೆ ರೇಡಿಯೋ ಫೋರ್ ಬಾಗಿಲು ಹಾಕಿ, ಬಿಬಿಸಿಯದೇ ಇನ್ನೊಂದು ಕೇಂದ್ರವಾದ ವರ್ಲ್ಡ್ ಸರ್ವಿಸ್‌ಗೆ ಬಿಟ್ಟುಕೊಡುತ್ತದೆ. ಊರಲ್ಲಿ ಆಗ ಆರೂವರೆ. ಮನೆಯಲ್ಲಿ ಎದ್ದಿರುತ್ತಾರೆ. ಬಾಯ್ಲರ್ ಸರಿಯಾಯ್ತು ಅಂತ ಹೇಳೋಣ ಅಂತ ಫೋನ್ ಮಾಡಿದೆ. ಒಂದೇ ರಿಂಗಿಗೆ ಅಮ್ಮ ಎತ್ತಿದಳು.

"ಅಪ್ಪಯ್ಯ ಕೊಟ್ಟಿಗೆಗೆ ಹೋಗಿದಾರೆ," ಅಂದಳು. "ಈಗ ಹೇಳು, ನಿನ್ನೆ ರೇಡಿಯೋದಲ್ಲಿ ಎಂತ ಹೇಳಿದ್ರು?"